ಟೆಕ್ನಿಕಲ್ ಬಿಡ್‌ನಲ್ಲೇ ಹೊರಗೆ ಹಾಕಿದರು: ‘ಸಿಮಿಲರ್ ವರ್ಕ್’ ಅಂದ್ರೆ ಯಾವುದು ಅಂತ ಯಾರಾದ್ರೂ ಹೇಳ್ತೀರಾ?

ಮುನಿರಾಬಾದ್ ಮೇಸ್ತ್ರಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಸಣ್ಣ ಗುತ್ತಿಗೆದಾರ. ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಶಾಲಾ ಕೊಠಡಿ, ಅಂಗನವಾಡಿ, ಕಾಂಪೌಂಡ್, ಒಂದೆರಡು ಸಿಸಿ ರಸ್ತೆ. ದೊಡ್ಡದೇನೂ ಇಲ್ಲ.

ಹೋದ ತಿಂಗಳು ಒಂದು ಹಾಸ್ಟೆಲ್‌ಗೆ ಹೆಚ್ಚುವರಿ ಕೊಠಡಿ ಕಟ್ಟುವ ಟೆಂಡರ್ ಬಂತು. ಅಂದಾಜು 1.10 ಕೋಟಿ, ಅವಧಿ 9 ತಿಂಗಳು, ಎರಡು ಕವರ್: ಮೊದಲನೆಯದು ಟೆಕ್ನಿಕಲ್ ಅಂದರೆ ಅರ್ಹತೆ, ಎರಡನೆಯದು ರೇಟು. ಅರ್ಹತೆ ಅಂತ ಬರೆದದ್ದು ಇಷ್ಟು: ಕಳೆದ ಐದು ವರ್ಷದಲ್ಲಿ ‘ಇದೇ ಸ್ವರೂಪದ’ (ಸಿಮಿಲರ್ ವರ್ಕ್) ಒಂದು ಕಾಮಗಾರಿ ಮುಗಿಸಿರಬೇಕು, ಅದರ ಮೊತ್ತ ಅಂದಾಜಿನ ಅರ್ಧಕ್ಕೆ ಕಡಿಮೆ ಇರಬಾರದು. ಅಂದರೆ 55 ಲಕ್ಷ. ನನ್ನ ಹತ್ತಿರ 62 ಲಕ್ಷದ ಶಾಲಾ ಕಟ್ಟಡದ ವರ್ಕ್ ಡನ್ ಸರ್ಟಿಫಿಕೇಟ್ ಇದೆ. ಅದನ್ನೇ ಹಾಕಿದೆ.

ಮೊನ್ನೆ ಪೋರ್ಟಲ್ ತೆಗೆದು ನೋಡಿದರೆ ನನ್ನ ಹೆಸರಿನ ಮುಂದೆ ರಿಜೆಕ್ಟೆಡ್. ಕಾರಣ ಎರಡೇ ಸಾಲು. ಶಾಲಾ ಕಟ್ಟಡ ಇದೇ ಸ್ವರೂಪದ ಕಾಮಗಾರಿ ಅಲ್ಲವಂತೆ, ವಸತಿ ಕಟ್ಟಡದ ಅನುಭವ ಬೇಕಂತೆ. ಇನ್ನೊಂದು, ಬಿಡ್ ಕೆಪ್ಯಾಸಿಟಿ, ಅಂದರೆ ಇನ್ನೂ ಎಷ್ಟು ಕೆಲಸ ಹೊರಬಲ್ಲೆ ಅನ್ನುವ ಲೆಕ್ಕ, ಸಾಲದಂತೆ.

ಶಾಲೆಗೂ ಹಾಸ್ಟೆಲ್‌ಗೂ ಏನು ವ್ಯತ್ಯಾಸ ರೀ? ಅದೇ ಪಾಯ, ಅದೇ ಕಾಲಮ್ಮು, ಅದೇ ಸ್ಲ್ಯಾಬು. ಅಲ್ಲಿ ಬೆಂಚು ಹಾಕುತ್ತಾರೆ, ಇಲ್ಲಿ ಮಂಚ ಹಾಕುತ್ತಾರೆ. ‘ವಸತಿ ಕಟ್ಟಡ’ ಅನ್ನುವ ಪದ ಟೆಂಡರ್ ಪುಸ್ತಕದಲ್ಲಿ ಎಲ್ಲೂ ಇಲ್ಲ. ಮೂರು ಸಲ ಓದಿದೆ. ಎರಡನೇ ಕವರ್ ಇನ್ನೂ ಒಡೆದಿಲ್ಲ. ಈಗ ಏನು ಮಾಡಬೇಕು?

ಸಿಂಧನೂರು ಭತ್ತ

ಅಣ್ಣಾ, ಯಾರಿಗೆ ಕೊಡಬೇಕು ಅಂತ ಮೊದಲೇ ತೀರ್ಮಾನ ಆಗಿದೆಯೋ ಅವರು ಮಾಡಿದ ವರ್ಕೇ ಸಿಮಿಲರ್ ವರ್ಕ್. ಡಿಕ್ಷನರಿ ಮುಗೀತು.

ಬಳ್ಳಾರಿ ಬಿಸಿಲು

😀 ಇದನ್ನು ಫ್ರೇಮ್ ಹಾಕಿಸಿ ಎಲ್ಲಾ ಡಿವಿಷನ್ ಆಫೀಸಿನಲ್ಲೂ ನೇತು ಹಾಕಬೇಕು.

ನಿವೃತ್ತ ಎಇಇ

ತಮಾಷೆ ಚೆನ್ನಾಗಿದೆ, ಆದರೆ ಪೂರ್ತಿ ನಿಜ ಅಲ್ಲ. ನಾನು ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ (ಎಇಇ) ಆಗಿ ನಿವೃತ್ತನಾದವನು, ಈ ಮೇಜಿನ ಆ ಕಡೆ ಇಪ್ಪತ್ತೆಂಟು ವರ್ಷ ಕೂತವನು. ಟೆಂಡರ್ ಪುಸ್ತಕ ಹೇಗೆ ತಯಾರಾಗುತ್ತದೆ ಅಂತ ಹೇಳುತ್ತೇನೆ, ಕೇಳಿ.

ಸರ್ಕಾರದ ಮಾದರಿ ದಾಖಲೆ ಇರುತ್ತದೆ. ಕೆಡಬ್ಲ್ಯು-1ರಿಂದ ಕೆಡಬ್ಲ್ಯು-4ರವರೆಗೆ, ಕಾಮಗಾರಿ ದೊಡ್ಡದಾದ ಹಾಗೆ ನಂಬರ್ ದೊಡ್ಡದಾಗುತ್ತದೆ. ಅದರಲ್ಲಿ ಅಲ್ಲಲ್ಲಿ ಖಾಲಿ ಜಾಗ ಬಿಟ್ಟಿರುತ್ತಾರೆ. ಟರ್ನ್‌ಓವರ್ ಎಷ್ಟು, ಕಾಂಕ್ರೀಟ್ ಎಷ್ಟು ಘನ ಮೀಟರ್ ಮಾಡಿರಬೇಕು, ಇದೇ ಥರದ ಕೆಲಸ ಎಷ್ಟು ಮೊತ್ತದ್ದು, ಹೀಗೆ. ಆ ಜಾಗಗಳನ್ನು ಈ ಕಾಮಗಾರಿಗೆ ತಕ್ಕಂತೆ ಕಚೇರಿಯವರು ಕೂತು ತುಂಬಬೇಕು. ಆಗುವುದೇನು? ಹೋದ ವರ್ಷದ ಫೈಲ್ ತೆಗೀತಾರೆ, ಕಾಮಗಾರಿ ಹೆಸರು ಮತ್ತು ಮೊತ್ತ ಬದಲಿಸುತ್ತಾರೆ, ಅಪ್‌ಲೋಡ್ ಮಾಡುತ್ತಾರೆ. ಒಮ್ಮೆ ಒಂದು ಸಮುದಾಯ ಭವನದ ಟೆಂಡರಿನಲ್ಲಿ ಡಾಂಬರಿನ ಪ್ರಮಾಣ ಕೇಳಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ರಸ್ತೆ ಫೈಲಿನಿಂದ ಬಂದದ್ದು.

ಇನ್ನೊಂದು ಕಾರಣ ಹೆದರಿಕೆ. ಸಿಮಿಲರ್ ವರ್ಕ್ ಅಂದರೆ ಯಾವುದೇ ಕಟ್ಟಡ ಅಂತ ಸಡಿಲವಾಗಿ ಬರೆದರೆ, ನಾಳೆ ಕೆಲಸ ಕೆಟ್ಟಾಗ ಅನುಭವ ಇಲ್ಲದವನಿಗೆ ಯಾಕೆ ಕೊಟ್ಟಿರಿ ಅಂತ ಎಜಿ ಆಡಿಟ್ (ಮಹಾಲೇಖಪಾಲರ ತಪಾಸಣೆ) ಪ್ಯಾರಾ, ಅಂದರೆ ಆಕ್ಷೇಪಣೆ, ಬರೆಯುತ್ತದೆ. ಹಾಸ್ಟೆಲ್ ಮಾತ್ರ ಅಂತ ಬಿಗಿಯಾಗಿ ಬರೆದರೆ, ಒಬ್ಬರಿಗೋಸ್ಕರ ಬರೆದಿದ್ದೀರಿ ಅಂತ ನೀವೇ ಅರ್ಜಿ ಹಾಕುತ್ತೀರಿ. ಏನೂ ಬರೆಯದೆ ಬಿಟ್ಟರೆ? ಯಾರಿಗೂ ಏನೂ ಹೇಳೋಕೆ ಆಗಲ್ಲ. ಅದಕ್ಕೇ ಬರೆಯುವುದಿಲ್ಲ.

ಸಿಂಧನೂರು ಭತ್ತ

ಸರ್, ಬರೆಯದೆ ಬಿಟ್ಟ ಮೇಲೆ ಕವರ್ ಒಡೆದ ದಿನ ಅರ್ಥ ಹೇಳುವ ಅಧಿಕಾರ ಅವರ ಕೈಯಲ್ಲೇ ಉಳೀತು ಅಲ್ವಾ? ನಾನು ಹೇಳಿದ್ದೂ ಅದೇ. ನೀವು ಸ್ವಲ್ಪ ಮರ್ಯಾದೆಯಿಂದ ಹೇಳಿದಿರಿ, ಅಷ್ಟೇ.

ಡಿಎಸ್‌ಸಿ ಅಂಗಡಿ, ಗಂಗಾವತಿ

ಮೇಸ್ತ್ರಿ ಅಣ್ಣ, ಎರಡನೇ ಕಾರಣದ ಬಗ್ಗೆ ನೀವು ಏನೂ ಹೇಳಲೇ ಇಲ್ಲ. ಟೆಂಡರ್ ಹಾಕೋಕೆ ಬೇಕಾದ ಡಿಜಿಟಲ್ ಸಹಿ (ಡಿಎಸ್‌ಸಿ) ಮಾಡಿಕೊಡುವ ನನ್ನ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ಎಡವುವುದು ಅಲ್ಲೇ. ನಿಮ್ಮ ಎ ಎಷ್ಟು, ಬಿ ಎಷ್ಟು, ಹಾಕಿ ನೋಡೋಣ.

ಗೊತ್ತಿಲ್ಲದವರಿಗೆ: ಸೂತ್ರ ಎ × ಎನ್ × 1.5 − ಬಿ. ಎ ಅಂದರೆ ಐದು ವರ್ಷದಲ್ಲಿ ಯಾವುದೋ ಒಂದು ವರ್ಷ ನೀವು ಮಾಡಿದ ಅತಿ ಹೆಚ್ಚು ಕೆಲಸದ ಮೊತ್ತ. ಎನ್ ಅಂದರೆ ಈ ಕಾಮಗಾರಿಗೆ ಕೊಟ್ಟಿರುವ ವರ್ಷ. ಬಿ ಅಂದರೆ ಈಗಾಗಲೇ ಕೈಯಲ್ಲಿರುವ ಕೆಲಸ. ಬಂದ ಉತ್ತರ ಟೆಂಡರ್ ಮೊತ್ತಕ್ಕಿಂತ ಕಡಿಮೆ ಇರಬಾರದು. ಕೆಲವು ಟೆಂಡರಿನಲ್ಲಿ 1.5ರ ಜಾಗದಲ್ಲಿ 2 ಇರುತ್ತದೆ, ಪುಸ್ತಕ ನೋಡಿಕೊಳ್ಳಬೇಕು.

ಮುನಿರಾಬಾದ್ ಮೇಸ್ತ್ರಿ

ತಮ್ಮಾ, ನನ್ನದರಲ್ಲಿ 1.5 ಇದೆ. ಎ 1.20 ಕೋಟಿ, ಬಿ 40 ಲಕ್ಷ. ಎನ್ ನಾನು 1 ಹಿಡಿದೆ. 1.80 ಕೋಟಿಯಲ್ಲಿ 40 ಲಕ್ಷ ಕಳೆದರೆ 1.40 ಕೋಟಿ. ಆರಾಮಾಗಿ ಪಾಸು.

ಡಿಎಸ್‌ಸಿ ಅಂಗಡಿ, ಗಂಗಾವತಿ

ಅಲ್ಲೇ ಸಿಕ್ಕಿಬಿದ್ದಿರಿ. 9 ತಿಂಗಳು ಅಂದರೆ ಅವರು ಎನ್ 0.75 ಹಿಡಿದಿರುತ್ತಾರೆ. 1.20 × 0.75 × 1.5 ಅಂದರೆ 1.35 ಕೋಟಿ. 40 ಲಕ್ಷ ಕಳೆಯಿರಿ, 95 ಲಕ್ಷ. 1.10 ಕೋಟಿಗೆ ಸಾಲುವುದಿಲ್ಲ.

ಮುನಿರಾಬಾದ್ ಮೇಸ್ತ್ರಿ

ವರ್ಷಕ್ಕಿಂತ ಕಡಿಮೆ ಇದ್ದರೆ ಒಂದು ಅಂತಲೇ ಹಿಡಿಯುವುದು ಅಲ್ವಾ? ಎರಡು ವರ್ಷದ ಹಿಂದೆ ಪಕ್ಕದ ತಾಲ್ಲೂಕಿನಲ್ಲಿ 8 ತಿಂಗಳ ಕೆಲಸಕ್ಕೆ ನನಗೆ ಹಾಗೆಯೇ ಲೆಕ್ಕ ಹಾಕಿ ಪಾಸು ಮಾಡಿದ್ದರು!

ನಿವೃತ್ತ ಎಇಇ

ಇದೂ ಅದೇ ರೋಗ. ತಿಂಗಳನ್ನು 12ರಿಂದ ಭಾಗಿಸಬೇಕೋ, ಮೇಲಕ್ಕೆ ಏರಿಸಿ ಒಂದು ಅನ್ನಬೇಕೋ ಅಂತ ಪುಸ್ತಕದಲ್ಲಿ ಒಂದು ಸಾಲು ಹಾಕಿದ್ದರೆ ಜಗಳವೇ ಇರುತ್ತಿರಲಿಲ್ಲ. ಒಂದು ಡಿವಿಷನ್ ಹೀಗೆ, ಇನ್ನೊಂದು ಹಾಗೆ.

ಅದಿರಲಿ. ನಿಮ್ಮ 40 ಲಕ್ಷದ ಬಿ ಯಾವ ಯಾವ ಕೆಲಸದ್ದು, ಬಿಡಿಸಿ ಹೇಳಿ.

ರಾಯಚೂರು ಅಕ್ಕ

ನಾನು ಕಟ್ಟಡದವಳಲ್ಲ. ಹಾಸ್ಟೆಲ್‌ಗಳಿಗೆ ಮಂಚ, ಹಾಸಿಗೆ, ಟ್ರಂಕು ಸಪ್ಲೈ ಮಾಡುತ್ತೇನೆ. (ಮೇಸ್ತ್ರಿಯವರು ಕಟ್ಟಿದ ಮೇಲೆ ನನ್ನ ಸರದಿ!) ಆದರೆ ಈ ನೋವು ನನಗೂ ಗೊತ್ತು.

ಒಂದು ಟೆಂಡರಿನಲ್ಲಿ ಕಬ್ಬಿಣದ ಮಂಚಕ್ಕೆ ಸ್ಪೆಸಿಫಿಕೇಷನ್ ಕೊಟ್ಟಿದ್ದರು. ಕೊಳವೆಯ ದಪ್ಪ, ಹಾಳೆಯ ಗೇಜು, ಸರಿ. ಜೊತೆಗೆ ಬಣ್ಣದ ನಂಬರು, ತಲೆ ಕಡೆಯ ಪಟ್ಟಿ ಎಷ್ಟು ಮಿಲಿಮೀಟರು, ಕಾಲಿನ ಕೆಳಗಿನ ಬೂಟಿನ ಆಕಾರ. ಓದುತ್ತಾ ಓದುತ್ತಾ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಒಂದು ಕಂಪನಿಯ ಬ್ರೋಷರ್ ತೆಗೆದೆ. ಅಕ್ಷರಕ್ಕೆ ಅಕ್ಷರ ಅದೇ! ಕೊನೆಗೆ ‘ಅಥವಾ ಅದಕ್ಕೆ ಸಮನಾದದ್ದು’ ಅಂತ ಬೇರೆ. ಸಮ ಅಂತ ಯಾರು ಅಳೆಯುತ್ತಾರೆ, ಯಾವ ಟೇಪಿನಲ್ಲಿ?

ನಾನು ಪ್ರಿ-ಬಿಡ್ ಮೀಟಿಂಗಿಗೆ (ಬಿಡ್ ಹಾಕುವ ಮೊದಲು ಅನುಮಾನ ಕೇಳುವ ಸಭೆ) ಹೋದೆ. ಒಬ್ಬಳೇ ಹೆಂಗಸು. ಉಳಿದವರೆಲ್ಲ ಚಹಾ ಕುಡಿದು ಸಹಿ ಹಾಕಿ ಹೊರಟರು. ನಾನು ಬರೆದುಕೊಂಡು ಹೋಗಿದ್ದ ಮೂರು ಪ್ರಶ್ನೆ ಕೊಟ್ಟೆ, ಸ್ವೀಕೃತಿ ಸಹಿ ಹಾಕಿಸಿಕೊಂಡೆ. ಐದು ದಿನಕ್ಕೆ ಕಾರಿಜೆಂಡಂ (ತಿದ್ದುಪಡಿ) ಬಂತು. ಬಣ್ಣ, ಬೂಟು ತೆಗೆದರು. ಅಳತೆಗೆ ಸ್ವಲ್ಪ ಆಚೀಚೆ ಬಿಟ್ಟರು. ಆ ಸಲ ಆರ್ಡರ್ ನನಗೇ ಬಂತು ಅಂತ ಹೇಳಿದರೆ ಕಥೆಯಾಗುತ್ತಿತ್ತು. ಬರಲಿಲ್ಲ. ಆದರೆ ರೇಟಿನಲ್ಲಿ ಸೋತೆ, ಮಾತಿನಲ್ಲಿ ಅಲ್ಲ.

ಮೇಸ್ತ್ರಿ ಅಣ್ಣ, ನೀವು ಪ್ರಿ-ಬಿಡ್‌ನಲ್ಲಿ ಕೇಳಿದಿರಾ?

ಮುನಿರಾಬಾದ್ ಮೇಸ್ತ್ರಿ

ಅಕ್ಕಾರ, ನಿಜ ಹೇಳುತ್ತೇನೆ. ಕೇಳಲಿಲ್ಲ. ಮರೆತು ಅಲ್ಲ, ಬೇಕಂತಲೇ ಕೇಳಲಿಲ್ಲ.

‘ಇದೇ ಸ್ವರೂಪದ’ ಅನ್ನುವುದನ್ನು ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಶಾಲಾ ಕಟ್ಟಡ ನಡೆಯುತ್ತದಾ ಅಂತ ಕೇಳಿದರೆ ‘ನಡೆಯಲ್ಲ’ ಅಂತ ಬರೆದುಬಿಟ್ಟರೆ? ಬಾಗಿಲು ನಾನೇ ತಟ್ಟಿ ಮುಚ್ಚಿಸಿದ ಹಾಗೆ. ಸುಮ್ನೆ ಇದ್ದರೆ ಹೇಗೋ ನುಸುಳಬಹುದು ಅಂದುಕೊಂಡೆ. ಆ ಮೀಟಿಂಗಿನಲ್ಲಿ ಇದ್ದ ಇನ್ನೂ ಮೂರು ಜನ ಕೂಡ ಅದೇ ಲೆಕ್ಕದಲ್ಲಿ ಸುಮ್ಮನಿದ್ದರು ಅಂತ ಈಗ ಗೊತ್ತಾಗುತ್ತಿದೆ. ಅವರೂ ರಿಜೆಕ್ಟ್ ಆಗಿದ್ದಾರೆ.

ಸಿಂಧನೂರು ಭತ್ತ

ಅಣ್ಣಾ ಇದನ್ನು ಇಲ್ಲಿ ಬರೆಯಬಾರದಿತ್ತು 🙂

ಧಾರವಾಡ ಪೇಡೆ

ಬರೆದದ್ದೇ ಒಳ್ಳೆಯದಾಯಿತು. ಎಲ್ಲರೂ ಮಾಡುವುದು ಅದೇ, ಯಾರೂ ಒಪ್ಪಿಕೊಳ್ಳುವುದಿಲ್ಲ. ನಾನು ಕುಷ್ಟಗಿಯವನು, ಈಗ ಧಾರವಾಡದಲ್ಲಿ ವಕೀಲಿ. ಟೆಂಡರ್ ಕೇಸುಗಳನ್ನು ಸ್ವಲ್ಪ ನೋಡಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ತಪ್ಪು ತಿಳಿವಳಿಕೆ. ‘ಅಸ್ಪಷ್ಟವಾಗಿ ಬರೆದರೆ ಬರೆದವರ ವಿರುದ್ಧವೇ ಅರ್ಥ ಮಾಡಬೇಕು’ ಅಂತ ಒಂದು ಹಳೆಯ ತತ್ವ ಇದೆ. ಕರಾರು ಆದ ಮೇಲಿನ ಜಗಳಗಳಲ್ಲಿ, ಇನ್ಶುರೆನ್ಸ್ ಪಾಲಿಸಿಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಟೆಂಡರ್ ಹಂತದಲ್ಲಿ ಅದನ್ನೇ ನಂಬಿಕೊಂಡು ಹೋದರೆ ಕೈಕೊಡುತ್ತದೆ. 2016ರಲ್ಲಿ ನಾಗಪುರ ಮೆಟ್ರೋ ಕೇಸಿನಲ್ಲಿ (ಅಫ್ಕಾನ್ಸ್ ಕೇಸು ಅಂತಾರೆ) ಸುಪ್ರೀಂ ಕೋರ್ಟ್ ಹೇಳಿದ್ದು ಉಲ್ಟಾ. ಟೆಂಡರ್ ದಾಖಲೆ ಬರೆದವರಿಗೇ ಅದರ ಅರ್ಥ ಚೆನ್ನಾಗಿ ಗೊತ್ತು, ಅವರ ಅರ್ಥ ನಮಗೆ ಒಪ್ಪಿಗೆ ಆಗದಿದ್ದರೂ ದುರುದ್ದೇಶ ಅಥವಾ ತೀರಾ ಅಸಂಬದ್ಧ ಅಲ್ಲದಿದ್ದರೆ ಕೋರ್ಟು ಕೈಹಾಕುವುದಿಲ್ಲ ಅಂತ. ಅಲ್ಲಿಯ ಜಗಳವೂ ನಿಮ್ಮದೇ ಜಾತಿ. ಒಬ್ಬ ಬಿಡ್ಡರಿನ ಹಳೆಯ ಕೆಲಸ ‘ಮೆಟ್ರೋ ಸಿವಿಲ್ ಕಾಮಗಾರಿ’ ಆಗುತ್ತದೋ ಇಲ್ಲವೋ ಅಂತ.

ಅದಕ್ಕೂ ಹಿಂದೆ 1994ರ ಟಾಟಾ ಸೆಲ್ಯುಲರ್ ಕೇಸಿನಿಂದಲೇ ದಾರಿ ಹಾಕಿ ಆಗಿದೆ. ಕೋರ್ಟು ನೋಡುವುದು ತೀರ್ಮಾನಕ್ಕೆ ಬಂದ ರೀತಿಯನ್ನು, ತೀರ್ಮಾನವನ್ನಲ್ಲ. ಶಾಲೆ ಮತ್ತು ಹಾಸ್ಟೆಲ್ ಒಂದೇ ಅಂತ ಜಡ್ಜ್ ಮುಂದೆ ಕಾಲಮ್ಮು ಸ್ಲ್ಯಾಬಿನ ಲೆಕ್ಕ ಹೇಳಿದರೆ, ಅದನ್ನು ಇಂಜಿನಿಯರಿಗೆ ಹೇಳಿ ಅನ್ನುತ್ತಾರೆ.

ಹಾಗಾದರೆ ನಿಮಗೆ ದಾರಿಯೇ ಇಲ್ಲವಾ? ಇದೆ. ನೀವು ಹಿಡಿಯಬೇಕಾದ ದಾರ ಬೇರೆ. 1990ರ ದಶಕದಲ್ಲಿ ಅಸ್ಸಾಮಿನ ಒಂದು ಕೇಸು ಸುಪ್ರೀಂ ಕೋರ್ಟಿಗೆ ಬಂದಿತ್ತು, ದತ್ತಾ ಅಸೋಸಿಯೇಟ್ಸ್ ಅಂತ. ಸ್ಪಿರಿಟ್ ಸರಬರಾಜಿನ ಟೆಂಡರು. ಕವರ್ ಒಡೆದ ಮೇಲೆ ಅಧಿಕಾರಿಗಳು ‘ಇಂತಿಷ್ಟರಿಂದ ಇಂತಿಷ್ಟರವರೆಗಿನ ರೇಟು ಮಾತ್ರ ಕಾರ್ಯಸಾಧ್ಯ’ ಅಂತ ಒಂದು ಅಳತೆ ತಂದರು. ಟೆಂಡರ್ ನೋಟಿಸಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅಂಥ ಅಳತೆ ಇದ್ದರೆ ಮೊದಲೇ ಎಲ್ಲರಿಗೂ ತಿಳಿಸಬೇಕಿತ್ತು ಅಂತ ಹೇಳಿ ಹೊಸ ಟೆಂಡರ್ ಕರೆಯಿರಿ ಅಂದಿತು ಕೋರ್ಟು. ನಿಮ್ಮ ‘ವಸತಿ ಕಟ್ಟಡ’ ಅನ್ನುವ ಪದ ಪುಸ್ತಕದಲ್ಲಿ ಎಲ್ಲೂ ಇಲ್ಲ ಅಂತೀರಲ್ಲ, ನಿಮ್ಮ ಬಲ ಇರುವುದು ಅಲ್ಲಿ. ‘ಅರ್ಥ ತಪ್ಪು’ ಅನ್ನಬೇಡಿ. ‘ಇಲ್ಲದ ಷರತ್ತನ್ನು ಆಮೇಲೆ ಸೇರಿಸಿದ್ದೀರಿ’ ಅನ್ನಿ. ಎರಡಕ್ಕೂ ಭೂಮಿ ಆಕಾಶದ ವ್ಯತ್ಯಾಸ.

ಪ್ರಿ-ಬಿಡ್‌ನಲ್ಲಿ ಸುಮ್ಮನಿದ್ದದ್ದು ನಿಮಗೆ ಏಟು ಕೊಡುತ್ತದೆ, ಅದು ನಿಜ. ಷರತ್ತೇ ಸರಿಯಿಲ್ಲ ಅಂತ ಈಗ ಹೇಳೋಕೆ ಹೋದರೆ, ಗೊತ್ತಿದ್ದೂ ಬಿಡ್ ಹಾಕಿದೆಯಲ್ಲ ಅನ್ನುತ್ತಾರೆ. ಷರತ್ತು ಸರಿ, ಅದನ್ನು ಹಚ್ಚಿದ ರೀತಿ ಸರಿಯಿಲ್ಲ ಅಂತ ಹೇಳುವವರಿಗೆ ಆ ಮಾತು ಅಷ್ಟಾಗಿ ತಾಕುವುದಿಲ್ಲ.

ಬಳ್ಳಾರಿ ಬಿಸಿಲು

ಪೇಡೆ ಸರ್, ಕೇಸು ಗೆದ್ದರೂ ಕೆಲಸ ಸಿಗುತ್ತಾ?

ಧಾರವಾಡ ಪೇಡೆ

ಒಳ್ಳೆಯ ಪ್ರಶ್ನೆ. 1979ರ ಒಂದು ಕೇಸು ಹೇಳುತ್ತೇನೆ, ರಮಣ ದಯಾರಾಂ ಶೆಟ್ಟಿ ಕೇಸು. ಮುಂಬೈ ವಿಮಾನ ನಿಲ್ದಾಣದಲ್ಲಿ ಒಂದು ರೆಸ್ಟೋರೆಂಟು, ಎರಡು ಸ್ನ್ಯಾಕ್ ಬಾರು ನಡೆಸುವ ಟೆಂಡರು. ಐದು ವರ್ಷ ಅನುಭವ ಇರುವ ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರೇ ಬೇಕು ಅಂತ ಷರತ್ತು. ಕೊಟ್ಟದ್ದು ಕ್ಯಾಂಟೀನ್ ನಡೆಸುತ್ತಿದ್ದವರಿಗೆ. ಸರ್ಕಾರಿ ಸಂಸ್ಥೆ ತಾನೇ ಹಾಕಿಕೊಂಡ ಅಳತೆಗೆ ತಾನೂ ಬದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇವತ್ತಿಗೂ ಎಲ್ಲಾ ಟೆಂಡರ್ ಕೇಸಿನಲ್ಲೂ ನಾವು ಅದನ್ನೇ ಓದುತ್ತೇವೆ. ಆದರೆ ಕೇಸು ಹಾಕಿದವರಿಗೆ ಏನೂ ಸಿಗಲಿಲ್ಲ. ಅವರು ತಡವಾಗಿ ಬಂದರು, ಅಷ್ಟರಲ್ಲಿ ಗೆದ್ದವರು ಹಣ ಸುರಿದು ಅಂಗಡಿ ಶುರು ಮಾಡಿದ್ದರು.

ಅದಕ್ಕೇ ಹೇಳುವುದು: ಬೇಗ ಮಾಡಿ. ಎರಡನೇ ಕವರ್ ಒಡೆಯುವ ಮೊದಲು ಲಿಖಿತ ಆಕ್ಷೇಪಣೆ ಕೊಡಿ. ಒಡೆದ ಮೇಲೆ ಎಲ್-1 (ಅತಿ ಕಡಿಮೆ ರೇಟಿನವರು) ಅಂತ ಒಬ್ಬರು ಹುಟ್ಟಿಕೊಳ್ಳುತ್ತಾರೆ, ಅವರಿಗೂ ಹಕ್ಕಿನ ಮಾತು ಬರುತ್ತದೆ, ಗಂಟು ಬಿಗಿಯಾಗುತ್ತದೆ.

ಸಿಂಧನೂರು ಭತ್ತ

ಕೆಟಿಪಿಪಿ ಕಾಯ್ದೆಯಲ್ಲಿ (ರಾಜ್ಯದ ಟೆಂಡರ್ ಕಾಯ್ದೆ) ಅಪೀಲು ಇದೆಯಲ್ಲ? ಇಲ್ಲಾಂದ್ರೆ ಸೀದಾ ಕಲಬುರಗಿ ಹೈಕೋರ್ಟಿಗೆ ರಿಟ್ ಹಾಕಿ.

ಧಾರವಾಡ ಪೇಡೆ

ಇದೆ. 1999ರ ಕಾಯ್ದೆಯ 16ನೇ ಕಲಂ. ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು. ಆದರೆ ಕಲಂ ಹೇಳುವುದು 13ನೇ ಕಲಂ ಅಡಿಯಲ್ಲಿ ಟೆಂಡರ್ ಒಪ್ಪಿಕೊಳ್ಳುವ ಪ್ರಾಧಿಕಾರ ಮಾಡಿದ ಆದೇಶದ ಬಗ್ಗೆ. ಹಾಗಾಗಿ ಈಗಲೇ ಆಕ್ಷೇಪಣೆ ದಾಖಲಾಗಿರಲಿ, ಆದೇಶ ಬಂದ ದಿನದಿಂದ ದಿನ ಎಣಿಸುತ್ತಾ ಇರಿ.

ಆಮೇಲೆ ತಮ್ಮಾ, ಕಲಬುರಗಿ ಪೀಠ ನಿಮಗೆ, ರಾಯಚೂರಿನವರಿಗೆ. ಕೊಪ್ಪಳ, ಬಳ್ಳಾರಿ ಎರಡೂ ಧಾರವಾಡ ಪೀಠಕ್ಕೆ ಬರುತ್ತವೆ. ಕೊಪ್ಪಳ ನಿಮ್ಮ ಜಿಲ್ಲೆ ಬಿಟ್ಟು 1997ರಲ್ಲೇ ಹೋಯಿತು, ಇನ್ನೂ ಕರಕೊಂಡು ಹೋಗಬೇಡಿ.

ಸಿಂಧನೂರು ಭತ್ತ

ಹೋಗಲಿ ಬಿಡಿ ಸರ್, ನಮ್ಮ ಮನೆ ಮಗಳು ಇದ್ದ ಹಾಗೆ. ಪ್ರೀತಿ ಇರುತ್ತೆ.

ಗೊಂದಲಪುರ

ನಂದೊಂದು ಸಣ್ಣ ಪ್ರಶ್ನೆ, ವಿಷಯಾಂತರ ಆದರೆ ಕ್ಷಮಿಸಿ. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮದ ನೋಂದಣಿ) ಇದ್ದರೆ ಈಎಂಡಿ (ಬಿಡ್ ಜೊತೆ ಇಡುವ ಠೇವಣಿ) ಕಟ್ಟಬೇಕಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ನಾನು ಕಟ್ಟದೆ ಸರ್ಟಿಫಿಕೇಟ್ ಹಾಕಿದೆ. ರಿಜೆಕ್ಟ್ ಮಾಡಿದರು. ಇದು ಅನ್ಯಾಯ ಅಲ್ವಾ?

ಡಿಎಸ್‌ಸಿ ಅಂಗಡಿ, ಗಂಗಾವತಿ

ಅನ್ಯಾಯ ಅಲ್ಲ, ಗೊಂದಲ. ನಿಮ್ಮ ಹೆಸರೇ ಹೇಳುತ್ತದೆ 🙂 ಆ ವಿನಾಯಿತಿ ಕೇಂದ್ರ ಸರ್ಕಾರದ 2012ರ ಸಣ್ಣ ಉದ್ಯಮಗಳ ಖರೀದಿ ನೀತಿಯದ್ದು. ಕೇಂದ್ರದ ಇಲಾಖೆ, ಕೇಂದ್ರದ ಕಂಪನಿಗಳಿಗೆ ಅದು ಅನ್ವಯ. ಸಂಡೂರು ಕಡೆ ದೋಣಿಮಲೈ ಗಣಿ ಕೇಂದ್ರದ ಎನ್‌ಎಂಡಿಸಿಯದ್ದು, ಅಲ್ಲಿ ಆ ನೀತಿಯ ಮಾತು ಎತ್ತಬಹುದು. ಹಟ್ಟಿ ಚಿನ್ನದ ಗಣಿ, ಶಕ್ತಿನಗರದ ವಿದ್ಯುತ್ ಸ್ಥಾವರ ರಾಜ್ಯದ ಕಂಪನಿಗಳು, ಅಲ್ಲಿ ರಾಜ್ಯದ ಕಾಯ್ದೆ. ಟೆಂಡರ್ ಪುಸ್ತಕದಲ್ಲಿ ವಿನಾಯಿತಿ ಅಂತ ಬರೆದಿದ್ದರೆ ಮಾತ್ರ ಕೇಳಿ. ಅದರಲ್ಲೂ ಆ ನೀತಿ ಸಾಮಾನು ಮತ್ತು ಸೇವೆಗೆ, ಕಟ್ಟಡ ಕಾಮಗಾರಿಗೂ ಸಿಗುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಬಳ್ಳಾರಿ ಬಿಸಿಲು

ಕೇಂದ್ರದ ಮಾತು ಬಂದಾಗ ಹೇಳುತ್ತೇನೆ. ಅಲ್ಲಿ ಜಾಗೃತ ಆಯೋಗದ 2002ರ ಸುತ್ತೋಲೆ ಇದೆ. ಅಂದಾಜಿನ ಶೇ 40ರ ಮೂರು ಕೆಲಸ, ಇಲ್ಲಾ ಶೇ 50ರ ಎರಡು, ಇಲ್ಲಾ ಶೇ 80ರ ಒಂದು. ಅದರಲ್ಲೇ ‘ಸಿಮಿಲರ್ ವರ್ಕ್ ಅಂದರೆ ಏನು ಅಂತ ಸ್ಪಷ್ಟವಾಗಿ ಬರೆಯಬೇಕು’ ಅಂತಲೂ ಇದೆ. ಇಪ್ಪತ್ತು ವರ್ಷದ ಹಿಂದೆ ಯಾರಿಗೋ ಹೊಳೆದದ್ದು ನಮ್ಮ ಕಚೇರಿಗಳಿಗೆ ಇನ್ನೂ ಹೊಳೆದಿಲ್ಲ. ಹೊಳೆಯದೆ ಇರೋಕೆ ಎಷ್ಟು ಪರ್ಸೆಂಟ್ ಕೊಡುತ್ತಾರೋ ಏನೋ, 40 ಅಂತ ಒಂದು ಕಾಲಕ್ಕೆ...

ನಿರ್ವಾಹಕ

ಬಿಸಿಲು ಅವರೇ, ಅಲ್ಲಿಗೆ ನಿಲ್ಲಿಸಿ. ಪರ್ಸೆಂಟೇಜ್ ಚರ್ಚೆಗೆ ಬೇರೆ ಜಾಗ ಇದೆ. ಇಲ್ಲಿ ಇಲಾಖೆ ಹೆಸರು, ಅಧಿಕಾರಿ ಹೆಸರು, ಪಕ್ಷದ ಹೆಸರು ಬೇಡ.

ಬಳ್ಳಾರಿ ಬಿಸಿಲು

ಸರಿ ಸರ್. ಬಿಸಿಲಿಗೆ ತಲೆ ಕಾದಿತ್ತು.

ಮುನಿರಾಬಾದ್ ಮೇಸ್ತ್ರಿ

ಎಇಇ ಸರ್, ಬಿ ಕೇಳಿದ್ದಿರಿ. 40 ಲಕ್ಷದಲ್ಲಿ 15 ಲಕ್ಷ ಒಂದು ಕಾಂಪೌಂಡ್ ಕೆಲಸ, ನಡೆಯುತ್ತಿದೆ. 25 ಲಕ್ಷ ಒಂದು ಪಂಚಾಯಿತಿ ಕಟ್ಟಡ. ಅದು ಮುಗಿದು ಏಳು ತಿಂಗಳಾಯಿತು. ಬಿಲ್ ಬಂದಿಲ್ಲ. ಅದಕ್ಕೇ ಬಾಕಿ ಅಂತ ಹಾಕಿದೆ.

ನಿವೃತ್ತ ಎಇಇ

ಅಯ್ಯೋ ಮಾರಾಯ್ರೇ! ಬಾಕಿ ಇರುವುದು ನಿಮ್ಮ ದುಡ್ಡು, ನಿಮ್ಮ ಕೆಲಸ ಅಲ್ಲ. ಬಿ ಅಂದರೆ ಮುಂದಿನ 9 ತಿಂಗಳಲ್ಲಿ ನೀವು ಇನ್ನೂ ಮಾಡಬೇಕಾದ ಕೆಲಸದ ಮೊತ್ತ. ಮುಗಿದ ಕಟ್ಟಡಕ್ಕೆ ನಿಮ್ಮ ಆಳು, ಮಿಕ್ಸರು, ಸೆಂಟ್ರಿಂಗ್ ಏನೂ ಬೇಕಿಲ್ಲ. ಅದು ಬಿ-ಗೆ ಬರುವುದೇ ಇಲ್ಲ.

ಈಗ ಲೆಕ್ಕ ಹಾಕಿ. ಅವರದೇ ಎನ್ 0.75 ಇಟ್ಟುಕೊಳ್ಳಿ. 1.35 ಕೋಟಿಯಲ್ಲಿ 15 ಲಕ್ಷ ಕಳೆದರೆ 1.20 ಕೋಟಿ. ಟೆಂಡರ್ 1.10. ಪಾಸು! ಎನ್ ಬಗ್ಗೆ ಜಗಳವೇ ಬೇಕಿಲ್ಲ.

ಡಿಎಸ್‌ಸಿ ಅಂಗಡಿ, ಗಂಗಾವತಿ

ಸರ್, ಈ ತಪ್ಪು ನಾನೂ ಎಷ್ಟೋ ಜನರಿಗೆ ತುಂಬಿಕೊಟ್ಟಿದ್ದೇನೆ ಅಂತ ಕಾಣುತ್ತದೆ. ಬಿಲ್ ಬಾಕಿ ಅಂದರೆ ಕೆಲಸ ಬಾಕಿ ಅಂತಲೇ ಟೈಪ್ ಮಾಡುತ್ತಿದ್ದೆ. ಯಾರಿಗೂ ಹೇಳಬೇಡಿ 🙏

ಮುನಿರಾಬಾದ್ ಮೇಸ್ತ್ರಿ

ಆದರೆ ನಾನೇ ಸಹಿ ಹಾಕಿ 40 ಅಂತ ಕೊಟ್ಟಿದ್ದೇನಲ್ಲ ಸರ್. ಈಗ ಬದಲಿಸೋಕೆ ಬರುತ್ತಾ?

ಧಾರವಾಡ ಪೇಡೆ

ಬಿಡ್ ಬದಲಿಸೋಕೆ ಬರಲ್ಲ. ಆದರೆ ನೀವು ಹಾಕಿದ ಪಟ್ಟಿಯಲ್ಲಿ ಆ ಕಟ್ಟಡದ ಮುಂದೆ ‘ಕೆಲಸ ಮುಗಿದಿದೆ, ಬಿಲ್ ಬಾಕಿ’ ಅಂತ ಬರೆದಿದ್ದೀರಾ?

ಮುನಿರಾಬಾದ್ ಮೇಸ್ತ್ರಿ

ಷರಾ ಕಾಲಂನಲ್ಲಿ ‘ಫೈನಲ್ ಬಿಲ್ ಪೆಂಡಿಂಗ್’ ಅಂತ ಇದೆ.

ಧಾರವಾಡ ಪೇಡೆ

ಬದುಕಿದಿರಿ. ಅವರ ಕೈಯಲ್ಲಿದ್ದ ದಾಖಲೆಯಲ್ಲೇ ಉತ್ತರ ಇತ್ತು, ಓದಲಿಲ್ಲ ಅಂತ ಹೇಳಬಹುದು. ಕೆಲಸ ಮುಗಿದ ದಿನಾಂಕದ ಸರ್ಟಿಫಿಕೇಟ್ ಲಗತ್ತಿಸಿ. ಹೊಸ ಅರ್ಹತೆ ತರುತ್ತಿಲ್ಲ, ಇದ್ದದ್ದನ್ನು ಬಿಡಿಸಿ ಹೇಳುತ್ತಿದ್ದೇನೆ ಅಂತ ಬರೆಯಿರಿ. ಪತ್ರ ಎರಡು ಪುಟ ಮೀರಬಾರದು. ಬೈಗುಳ ಬೇಡ. ಟಪಾಲಿನಲ್ಲಿ ಸೀಲು ಹಾಕಿಸಿ, ಇಮೇಲ್ ಕೂಡ ಮಾಡಿ.

ರಾಯಚೂರು ಅಕ್ಕ

ಸೀಲಿನ ಕೆಳಗೆ ತಾರೀಕಿನ ಜೊತೆ ಹೊತ್ತು ಕೂಡ ಬರೆಸಿಕೊಳ್ಳಿ ಅಣ್ಣ. ನನಗೆ ಒಮ್ಮೆ ‘ನೀವು ಕೊಟ್ಟದ್ದು ಕವರ್ ಒಡೆದ ಮೇಲೆ’ ಅಂದಿದ್ದರು. ಕೊಟ್ಟದ್ದು ಬೆಳಿಗ್ಗೆ, ಒಡೆದದ್ದು ಮಧ್ಯಾಹ್ನ.

ನಿವೃತ್ತ ಎಇಇ

ಮತ್ತು ಆ ಪತ್ರದ ಒಂದು ಪ್ರತಿ ಮೇಲಿನ ಸಾಹೇಬರಿಗೆ ಹೋಗಲಿ. ಕೆಳಗಿನವರು ತಾವೇ ಹಾಕಿದ ಸಹಿಯನ್ನು ತಾವೇ ಅಳಿಸುವುದು ಅಪರೂಪ. ಮೇಲಿನಿಂದ ‘ಪರಿಶೀಲಿಸಿ’ ಅಂತ ಒಂದು ಸಾಲು ಬಂದರೆ ಅವರಿಗೂ ಅನುಕೂಲ, ಮುಖ ಉಳಿಯುತ್ತದೆ.

*(ಏಳು ವಾರದ ನಂತರ)*

ಮುನಿರಾಬಾದ್ ಮೇಸ್ತ್ರಿ

ಎಲ್ಲರಿಗೂ ನಮಸ್ಕಾರ. ಏನಾಯಿತು ಅಂತ ಹೇಳದೆ ಇದ್ದರೆ ತಪ್ಪಾಗುತ್ತದೆ.

ಪತ್ರ ಕೊಟ್ಟೆ. ಹತ್ತು ದಿನ ಸುದ್ದಿ ಇಲ್ಲ. ಮೇಲಿನ ಕಚೇರಿಯಿಂದ ಕಡತ ತರಿಸಿಕೊಂಡರಂತೆ. ನನ್ನ ಹಾಗೆ ಇನ್ನಿಬ್ಬರೂ ಆಕ್ಷೇಪಣೆ ಕೊಟ್ಟಿದ್ದರು. ಎರಡನೇ ಕವರ್ ಒಡೆಯಲೇ ಇಲ್ಲ. ಟೆಂಡರ್ ರದ್ದು ಮಾಡಿ ಮತ್ತೆ ಕರೆದರು.

ಈ ಸಲ ಪುಸ್ತಕದಲ್ಲಿ ಒಂದು ಸಾಲು ಹೊಸದು: ‘ಇದೇ ಸ್ವರೂಪದ ಕಾಮಗಾರಿ ಎಂದರೆ ಆರ್‌ಸಿಸಿ ಫ್ರೇಮ್ ಇರುವ ಯಾವುದೇ ಸಾರ್ವಜನಿಕ ಕಟ್ಟಡ.’ ಇನ್ನೊಂದು ಸಾಲು: ‘ಎನ್ ಎಂದರೆ ತಿಂಗಳುಗಳನ್ನು 12ರಿಂದ ಭಾಗಿಸಿದ ಸಂಖ್ಯೆ.’ ಓದಿ ನಕ್ಕುಬಿಟ್ಟೆ. ಒಂದರಲ್ಲಿ ನಾನು ಹೇಳಿದ್ದು ಸರಿ, ಇನ್ನೊಂದರಲ್ಲಿ ಅವರು ಹೇಳಿದ್ದು ಸರಿ. ಬಿ ಮಾತ್ರ ಈ ಸಲ 15 ಅಂತಲೇ ಹಾಕಿದೆ.

ಪ್ರಿ-ಬಿಡ್‌ಗೂ ಹೋಗಿದ್ದೆ. ಮುಗಿದ ಕೆಲಸದ ಬಾಕಿ ಬಿಲ್ ಬಿ-ಗೆ ಬರುತ್ತದಾ ಅಂತ ಬರೆದು ಕೇಳಿದೆ. ಬರುವುದಿಲ್ಲ ಅಂತ ಉತ್ತರ ಪೋರ್ಟಲ್‌ನಲ್ಲೇ ಹಾಕಿದರು. ಕೈ ನಡುಗುತ್ತಿತ್ತು, ಸುಳ್ಳು ಹೇಳಲ್ಲ.

ಸಿಂಧನೂರು ಭತ್ತ

ಅಣ್ಣಾ ಅದೆಲ್ಲ ಸರಿ, ಕೆಲಸ?

ಮುನಿರಾಬಾದ್ ಮೇಸ್ತ್ರಿ

ಟೆಕ್ನಿಕಲ್ ಪಾಸ್. ರೇಟಿನಲ್ಲಿ ನಾನು ಎಲ್-3. ನಾನು ಅಂದಾಜಿಗಿಂತ 4 ಪರ್ಸೆಂಟ್ ಬಿಲೋ (ಕಡಿಮೆ) ಹಾಕಿದ್ದೆ. ಎಲ್-1 ಆದವರು 17 ಪರ್ಸೆಂಟ್ ಬಿಲೋ.

ಬಳ್ಳಾರಿ ಬಿಸಿಲು

17 ಬಿಲೋದಲ್ಲಿ ಹೇಗೆ ಕಟ್ಟುತ್ತಾರೆ ರೀ? ಸಿಮೆಂಟ್ ಬದಲು ಆಶೀರ್ವಾದ ಹಾಕ್ತಾರಾ?

ನಿವೃತ್ತ ಎಇಇ

ಅಷ್ಟು ಕೆಳಗೆ ಹೋದವರಿಂದ ರೇಟ್ ಅನಾಲಿಸಿಸ್ (ಆ ರೇಟು ಹೇಗೆ ಬಂತು ಅನ್ನುವ ಲೆಕ್ಕ) ಕೇಳಬೇಕು, ಹೆಚ್ಚುವರಿ ಭದ್ರತೆ ಇಡಿಸಿಕೊಳ್ಳಬೇಕು. ಕೇಳುತ್ತಾರೋ ನೋಡೋಣ. ಅದು ಬೇರೆಯದೇ ಪುರಾಣ, ಇನ್ನೊಂದು ದಿನ ಬರೆಯುತ್ತೇನೆ.

ಧಾರವಾಡ ಪೇಡೆ

ಒಂದು ಟಿಪ್ಪಣಿ, ಮುಂದೆ ಓದುವವರಿಗೆ. ಇಲ್ಲಿ ರದ್ದು ಮಾಡಿದ್ದು ಮೇಸ್ತ್ರಿಯವರಿಗೆ ಅನುಕೂಲ ಆಯಿತು. ಆದರೆ ರದ್ದು ಮಾಡುವುದೂ ಕಚೇರಿಯ ಇಷ್ಟ ಅಲ್ಲ. ನಮ್ಮ ಕಾಯ್ದೆಯ 14ನೇ ಕಲಂ ಅದಕ್ಕೆ ಕಾರಣಗಳನ್ನು ಹೇಳುತ್ತದೆ. ಮನಸ್ಸಿಗೆ ಬಂದಂತೆ ರದ್ದು ಮಾಡಿದ ಒಂದು ಟೆಂಡರಿನ ಕೇಸಿನಲ್ಲಿ 2024ರಲ್ಲಿ ಸುಪ್ರೀಂ ಕೋರ್ಟ್ ಆ ರದ್ದತಿಯನ್ನೇ ತಳ್ಳಿಹಾಕಿದೆ, ಕೋಲ್ಕತ್ತಾದ ಕೇಸು. ನೀವು ಎಲ್-1 ಆಗಿ ಕೂತಾಗ ಯಾರೋ ರದ್ದು ಮಾಡಿದರೆ ಇದು ನೆನಪಿರಲಿ.

ರಾಯಚೂರು ಅಕ್ಕ

ಮೇಸ್ತ್ರಿ ಅಣ್ಣ, ಬೇಜಾರಾಯಿತಾ?

ಮುನಿರಾಬಾದ್ ಮೇಸ್ತ್ರಿ

ಇಲ್ಲ ಅಕ್ಕಾರ. ನೀವು ಅವತ್ತು ಹೇಳಿದ್ದಿರಲ್ಲ, ರೇಟಿನಲ್ಲಿ ಸೋತೆ ಅಂತ. ಅದರ ರುಚಿ ಈಗ ಗೊತ್ತಾಯಿತು. ರಾತ್ರಿ ನಿದ್ದೆ ಬರುತ್ತದೆ.

ಬೇಜಾರು ಒಂದೇ. ಮೊದಲನೇ ಟೆಂಡರಿನ ಈಎಂಡಿ ಇನ್ನೂ ವಾಪಸ್ ಬಂದಿಲ್ಲ. ರದ್ದಾಗಿ ಐದು ವಾರ ಆಯಿತು. ಪೋರ್ಟಲ್‌ನಲ್ಲಿ ರೀಫಂಡ್ ಇನಿಷಿಯೇಟೆಡ್ ಅಂತ ತೋರಿಸುತ್ತದೆ, ಖಾತೆಗೆ ಬರಲ್ಲ.

ಡಿಎಸ್‌ಸಿ ಅಂಗಡಿ, ಗಂಗಾವತಿ

ನಿಮ್ಮ ಬ್ಯಾಂಕು ಬೇರೆ ಬ್ಯಾಂಕಿನಲ್ಲಿ ವಿಲೀನ ಆಗಿದೆಯಾ? ಐಎಫ್‌ಎಸ್‌ಸಿ ಬದಲಾಗಿದ್ದರೆ ದುಡ್ಡು ಹೋಗಿ ವಾಪಸ್ ಬರುತ್ತಿರುತ್ತದೆ. ಪೋರ್ಟಲ್‌ನಲ್ಲಿ ಹಳೆಯದೇ ಇರಬೇಕು.

ಮುನಿರಾಬಾದ್ ಮೇಸ್ತ್ರಿ

ಹೌದು ತಮ್ಮಾ, ಹೊಸ ಪಾಸ್‌ಬುಕ್ ಕೊಟ್ಟಿದ್ದಾರೆ. ಸೋಮವಾರ ನಿಮ್ಮ ಅಂಗಡಿಗೆ ಬರುತ್ತೇನೆ.

ಡಿಎಸ್‌ಸಿ ಅಂಗಡಿ, ಗಂಗಾವತಿ

ಬನ್ನಿ ಅಣ್ಣ. ಡಿಎಸ್‌ಸಿ ಟೋಕನ್ ಮರೀಬೇಡಿ, ಹೋದ ಸಲ ಮನೇಲೇ ಬಿಟ್ಟು ಬಂದಿದ್ದಿರಿ. ಹನ್ನೊಂದರ ಮೇಲೆ ಬನ್ನಿ, ಅಷ್ಟೊತ್ತಿಗೆ ಕರೆಂಟ್ ಬಂದಿರುತ್ತದೆ.